ಎಡಮೊಣಕಾಲಿನ ಓಬಣ್ಣ

ನಮ್ಮೂರ ಚೌಕದಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ಅದರಲ್ಲಿ ಇಬ್ಬರು ಯಜಮಾನರು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದಾರೆ. ಕೆಳಗೆ, ‘ಅಣ್ಣತಮ್ಮಂದಿರ ಔದಾರ್ಯದಿಂದ ಊರ ಕಾದಾಟ ಕೊನೆಗೊಂಡಿತು’ ಎಂದು ಕೆತ್ತಿಸಿದ್ದಾರೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವನು. ಕಲ್ಲಿನ ಮೇಲೆ ಬರೆದ ಸುಳ್ಳು ಓದಲು ಅಷ್ಟು ಸಾಕು. ಆ ಚಳಿಗಾಲದಲ್ಲಿ ಕೆಳಪೇಟೆಯ ದಂಡಿಗೆ ದಳವಾಯಿಯಾಗಿದ್ದವನು ನಾನು, ಸುಣ್ಣದ ಭಟ್ಟಿಯ ಗಾದ್ರಪ್ಪ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮೂರಿನ ಮಾಗಿಯ ವಿಷಯ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಇಲ್ಲಿ ಯಾರ ಮಾತಿನ ಮೇಲೆ ಒಬ್ಬ ಚಳಿಗೆ ಹೋಗುತ್ತಾನೋ, ಅವನ ಚಳಿ ಆ ಮಾತು ಹೇಳಿದವರ ಮೈಗೂ ಬರುತ್ತದೆ. ಹೋದವನು ನಡುಗಿದರೆ ಕಳಿಸಿದವನೂ ನಡುಗಬೇಕು. ಅತ್ತೆ ಸೊಸೆಗೆ ಬೆಳಗಿನ ಜಾವ ಬಾವಿಗೆ ಹೋಗು ಎಂದರೆ ಒಲೆಯ ಮುಂದೆ ಕೂತ ಅತ್ತೆಯ ಬೆರಳು ಮರಗಟ್ಟುತ್ತವೆ. ಅದಕ್ಕೇ ಮಾಗಿಯಲ್ಲಿ ಅತ್ತೆಯರೇ ಕೊಡ ಎತ್ತಿಕೊಂಡು ಹೋಗುತ್ತಾರೆ. ಮೇಷ್ಟರು ಯಾವ ಹುಡುಗನನ್ನೂ ತರಗತಿಯಿಂದ ಆಚೆ ನಿಲ್ಲಿಸುವುದಿಲ್ಲ. ಗೌಡರು ತಮ್ಮ ಎಮ್ಮೆಯನ್ನು ತಾವೇ ಹಿಡಿದುಕೊಂಡು ಕೆರೆಗೆ ಹೋಗುತ್ತಾರೆ. ಚಳಿ ಮುಗಿದು ಬಿಸಿಲು ಚುರುಗುಟ್ಟಲು ಶುರುವಾಯಿತೆಂದರೆ, ತಿಂಗಳುಗಟ್ಟಲೆ ಗಂಟಲಲ್ಲಿ ತಡೆದಿಟ್ಟುಕೊಂಡಿದ್ದ ‘ಹೋಗಲೋ, ಬಾರಲೋ, ತಗೊಂಬಾರಲೋ’ಗಳೆಲ್ಲ ಒಟ್ಟಿಗೆ ಹೊರಬಿದ್ದು ಊರೆಲ್ಲ ಗಲಾಟೆಯಾಗುತ್ತದೆ.

ಚಳಿಗಾಲದಲ್ಲೂ ಇನ್ನೊಬ್ಬರನ್ನು ಗದರಿ ಕೆಲಸ ಮಾಡಿಸುವ ಅಭ್ಯಾಸ ಊರಿನಲ್ಲಿ ಇದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ನಾನು. ಭಟ್ಟಿಯ ಬಾಯಿಗೆ ನಿಂತು ಸುಣ್ಣದ ಕಲ್ಲು ತುಂಬುವವನಿಗೆ ಎಲ್ಲಿಯ ಚಳಿ? ನಾನು ಎಷ್ಟು ಕೂಗಾಡಿದರೂ ನನ್ನ ಮೈಗೆ ಏನೂ ಆಗುತ್ತಿರಲಿಲ್ಲ. ಇನ್ನೊಬ್ಬಳು ಮೇಲ್ಪೇಟೆಯ ಸೂಲಗಿತ್ತಿ ಬೊಮ್ಮವ್ವ. ಕೆಂಡದ ಬಿಸಿಯಿರುವ ಬಾಣಂತಿ ಕೋಣೆಯಲ್ಲಿ ‘ಮುಕ್ಕು ತಾಯಿ, ಇನ್ನೊಂದ್ಸಲ ಮುಕ್ಕು’ ಎಂದು ಗದರಿ ಗದರಿ ಅವಳ ಗಂಟಲು ಗಡುಸಾಗಿತ್ತು. ನನ್ನ ಮಕ್ಕಳು ಮೂವರನ್ನೂ ಈ ಲೋಕಕ್ಕೆ ಎಳೆದು ಹಾಕಿದವಳು ಅವಳೇ.

ಊರ ಹಿರಿಯ ಯಜಮಾನರು ತೀರಿಕೊಂಡ ಮೇಲೆ ಗಾದಿ ದೊಡ್ಡ ಮಗನಿಗೋ ಚಿಕ್ಕ ಮಗನಿಗೋ ಎಂದು ಜಗಳ ಹತ್ತಿತು. ಮೇಲ್ಪೇಟೆ ದೊಡ್ಡವರ ಕಡೆ, ಕೆಳಪೇಟೆ ಚಿಕ್ಕವರ ಕಡೆ. ಮೊದಲು ಕಲ್ಲು, ಆಮೇಲೆ ದೊಣ್ಣೆ, ಆಮೇಲೆ ಹಂದಿ ಹೊಡೆಯುವ ನಾಡಬಂದೂಕು. ದೀಪಾವಳಿಗೆ ಮುಗಿಯಬೇಕಿದ್ದ ಜಗಳ ಮಾಗಿಗೆ ಕಾಲಿಟ್ಟಿತು. ಆಗ ಎಲ್ಲರಿಗೂ ಫಜೀತಿ ಶುರುವಾಯಿತು. ದಂಡೆಂದರೆ ಒಬ್ಬರು ಅಪ್ಪಣೆ ಕೊಡಬೇಕು. ಚಳಿಯಲ್ಲಿ ಅಪ್ಪಣೆ ಕೊಡುವವರು ಯಾರು?

ನಮ್ಮ ಚಿಕ್ಕ ಯಜಮಾನರಂತೂ ಕೊಡಲಿಲ್ಲ. ಅವರ ಜಾಣತನ ನೋಡಬೇಕಿತ್ತು. ಅಗ್ಗಿಷ್ಟಿಕೆಯ ಮುಂದೆ ಶಾಲು ಹೊದ್ದು ಕೂತು, ‘ಕಾಗೆಬೋರೆ ಗುಡ್ಡ ನಮ್ಮ ಕೈಲಿದ್ದರೆ ಒಳ್ಳೇದು ಅಂತ ಜನ ಮಾತಾಡ್ತಾರಪ್ಪ. ನಿನಗೆ ಹೇಗೆ ಕಾಣುತ್ತೋ ಹಾಗೆ ಮಾಡು’ ಎನ್ನುತ್ತಿದ್ದರು. ಹಾಗೆಂದು ಗೋಡಂಬಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವರ ಮೈಗೆ ಒಂದು ಎಳೆ ಚಳಿಯೂ ತಾಗಲಿಲ್ಲ.

ನನಗಿಂತ ಮೊದಲು ದಳವಾಯಿಯಾಗಿದ್ದವನು ಗರಡಿಮನೆಯ ಉಸ್ತಾದ್ ಪಾಲಯ್ಯ. ಆನೆಯಂಥ ಆಳು. ಮಾಗಿಯ ಶುರುವಿನಲ್ಲಿ ಹಳ್ಳದಾಚೆಯ ಕಣಿವೆಗೆ ಜನ ಕಳಿಸಿ, ತಾನು ಗರಡಿಯ ಕೆಮ್ಮಣ್ಣಿನಲ್ಲಿ ಮುದುರಿ ಬಿದ್ದು ಗಡಗಡ ನಡುಗುತ್ತಿದ್ದ. ಒಂದು ಮಧ್ಯಾಹ್ನ ಎದ್ದು ಕೂತ. ‘ಬೆಚ್ಚಗಾಯ್ತು ಕಣ್ರಲಾ’ ಎಂದ. ಮಜ್ಜಿಗೆ ತರಿಸಿಕೊಂಡು ಕುಡಿದ. ನಮ್ಮವರು ಗೆದ್ದು ಯಾರದೋ ಮನೆ ಸೇರಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆವು. ತಮಟೆ ಬಡಿದೆವು, ಅವನನ್ನು ಹೆಗಲ ಮೇಲೆ ಹೊತ್ತು ಕುಣಿದೆವು. ಸಂಜೆಗೆ ಗಾಡಿಯಲ್ಲಿ ಹೆಣಗಳು ಬಂದವು. ಸತ್ತವನಿಗೆ ಚಳಿಯಿಲ್ಲ. ಅವನನ್ನು ಕಳಿಸಿದವನಿಗೂ ಇಲ್ಲ. ಪಾಲಯ್ಯ ಅಂದಿನಿಂದ ಇವತ್ತಿನವರೆಗೆ ಹೊದಿಕೆ ಹೊದ್ದಿಲ್ಲ. ಎಂಥ ಮಾಗಿಯಲ್ಲೂ ಬರಿ ಮೈಯಲ್ಲಿ ಅಂಗಳದಲ್ಲಿ ಕೂತಿರುತ್ತಾನೆ. ಅವನು ಬಾಯಿ ಬಿಟ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ.

ಅವನ ನಂತರ ನನ್ನನ್ನು ಆರಿಸಿದರು. ನನ್ನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದೇ. ಸಿಟ್ಟಿನವನ ಮೈ ಬಿಸಿ, ಚಳಿ ತಡೆಯುತ್ತದೆ ಎಂದು ಅವರ ಲೆಕ್ಕ. ನನಗೂ ಒಳಗೊಳಗೇ ಹೆಮ್ಮೆಯಾಯಿತು. ಭಟ್ಟಿಯಲ್ಲಿ ಕೂಗಾಡಿದವನಿಗೆ ಬೋರೆಯ ಮೇಲಿನವರನ್ನು ಆಳುವುದು ಏನು ಮಹಾ ಎಂದುಕೊಂಡೆ. ಅದೇ ವಾರ ಗೊತ್ತಾಯಿತು, ಬಿಸಿಯಲ್ಲಿ ನಿಂತವರನ್ನು ಗದರಿದ್ದೆಲ್ಲ ಆಳ್ವಿಕೆಯಲ್ಲ, ಬರಿ ಗಂಟಲ ಕಸರತ್ತು.

ಕಾಗೆಬೋರೆ ಹಳ್ಳದ ಆಚೆ ದಡದಲ್ಲಿದೆ. ಅದರ ನೆತ್ತಿಯಿಂದ ಎರಡೂ ಪೇಟೆಗೆ ಕಾಳು ಬರುವ ದಾರಿ ಕಾಣುತ್ತದೆ. ಅದರ ಈ ಮಗ್ಗುಲಿಗೆ ನಾನು ಜನ ಕಳಿಸಿದೆ, ಆ ಮಗ್ಗುಲಿಗೆ ಬೊಮ್ಮವ್ವ ಕಳಿಸಿದಳು. ಅವಳನ್ನೇ ಮೇಲ್ಪೇಟೆಯವರು ದಳವಾಯಿ ಮಾಡಿದ್ದರು. ನನ್ನವರಿಗೆ ನಾನು ಹೇಳಿದ್ದು ಎರಡೇ ಮಾತು. ಬೋರೆ ಬಿಟ್ಟು ಇಳಿಯಬಾರದು, ಬೆಂಕಿ ಹಾಕಬಾರದು. ಬೆಂಕಿ ಕಂಡರೆ ಆ ಕಡೆಯ ಬಂದೂಕು ನೇರ ಅಲ್ಲಿಗೇ ತಿರುಗುತ್ತದೆ. ಕಟ್ಟೆಯ ಹತ್ತಿರ ಅವರನ್ನು ಬೀಳ್ಕೊಟ್ಟಾಗ ನನ್ನ ಭಟ್ಟಿಯ ಆಳು ಓಬಣ್ಣ ತಿರುಗಿ ನಿಂತ. ಹುಟ್ಟಿದಾಗಿನಿಂದ ಎದುರುತ್ತರ ಕೊಡುವವನು ಅವನು. ‘ಬೆಂಕಿ ಇಲ್ದೆ ಇರು ಅಂತೀಯ. ಭಟ್ಟಿ ಯಜಮಾನ ಹೇಳೋ ಮಾತಾ ಇದು?’ ಎಂದ. ‘ಬಾಯ್ಮುಚ್ಕೊಂಡು ನಡಿಯಲೇ’ ಎಂದೆ. ಅವನು ನಕ್ಕು ನಡೆದ. ಹಳ್ಳದಲ್ಲಿ ಅವನು ಕಾಲಿಟ್ಟದ್ದು ನನಗೆ ಇಲ್ಲಿ ಗೊತ್ತಾಯಿತು. ನನ್ನ ಎಡಮೊಣಕಾಲಿನೊಳಗೆ ಯಾರೋ ತಣ್ಣನೆಯ ಕಬ್ಬಿಣದ ಗುಂಡು ಇಟ್ಟಂತಾಯಿತು.

ಒಬ್ಬೊಬ್ಬನ ಚಳಿ ಒಂದೊಂದು ಕಡೆ ಬಂದು ಕೂರುತ್ತದೆ ಎಂದು ನನಗೆ ಮೊದಲು ತಿಳಿದಿರಲಿಲ್ಲ. ಓಬಣ್ಣ ಎಡಮೊಣಕಾಲಿಗೆ ಬಂದ. ಕ್ಷೌರದ ಚೌಡಣ್ಣ ದವಡೆಗೆ ಬಂದ, ಹಲ್ಲು ಕಟಕಟ ಎನ್ನುವುದು ನಿಲ್ಲಲೇ ಇಲ್ಲ. ಕಂಬಳಿ ನೇಯುವ ಮೈಲಾರಿ ಬೆನ್ನಹುರಿಗೆ. ತನ್ನ ಕಂಬಳಿಯನ್ನು ಯಾರಿಗೋ ಕೊಟ್ಟಿರಬೇಕೆಂದು ಅದರಲ್ಲೇ ಗೊತ್ತಾಯಿತು, ಏಕೆಂದರೆ ಒಂದು ದಿನ ಬೆನ್ನು ಸೆಟೆದುಕೊಂಡು, ಇನ್ನೊಬ್ಬನಿದ್ದ ಬಲಗಿವಿ ಮಾತ್ರ ತುಸು ಬಿಸಿಯಾಯಿತು. ಹೀಗೆ ನನ್ನ ಮೈತುಂಬ ಜನ. ಬೇರೆ ದಳವಾಯಿಗಳು ನಕ್ಷೆ ನೋಡುತ್ತಾರಂತೆ. ನಾನು ಕಣ್ಣು ಮುಚ್ಚಿ ಮೈ ನೋಡಿಕೊಳ್ಳುತ್ತಿದ್ದೆ.

ಉರಿಯುವ ಭಟ್ಟಿಗೆ ಬೆನ್ನು ಕೊಟ್ಟು ಕೂತರೂ ನಡುಕ. ನನ್ನ ಹೆಂಡತಿ ಮಾರಕ್ಕ ತೌಡು ಹುರಿದು ಬಟ್ಟೆಯಲ್ಲಿ ಕಟ್ಟಿ ಮೊಣಕಾಲಿಗೆ ಶಾಖ ಕೊಡುತ್ತಿದ್ದಳು. ಚರ್ಮ ಸುಡುತ್ತಿತ್ತು, ಒಳಗಿನ ಗುಂಡು ಹಾಗೇ ತಣ್ಣಗಿರುತ್ತಿತ್ತು. ‘ಇದು ನಿನ್ ಕಾಲಲ್ಲ, ಓಬಣ್ಣನ್ ಕಾಲು. ಶಾಖ ಅಲ್ಲಿ ಕೊಡ್ಬೇಕು’ ಎಂದಳು. ‘ಹಂಗಂದ್ರೆ ಕರೆಸು ಅಂತೀಯಾ?’ ‘ನಾನ್ಯಾಕನ್ಲಿ. ದಳವಾಯಿ ನೀನು’ ಎಂದು ತೌಡಿನ ಗಂಟು ನನ್ನ ಮಡಿಲಿಗೆ ಎಸೆದು ರೊಟ್ಟಿ ಬುತ್ತಿ ಕಟ್ಟಲು ಹೋದಳು. ದಿನವೂ ಬೋರೆಗೆ ಬುತ್ತಿ ಒಯ್ಯುತ್ತಿದ್ದವಳು ಅವಳೇ. ಬುತ್ತಿ ಹೊತ್ತ ಹೆಂಗಸರ ಮೇಲೆ ಎರಡು ಕಡೆಯವರೂ ಕೈಮಾಡುತ್ತಿರಲಿಲ್ಲ. ಅವಳ ಚಳಿ ಮಾತ್ರ ನನಗೆ ಬರುತ್ತಿರಲಿಲ್ಲ. ಮದುವೆಯಾದಾಗಿನಿಂದ ಅವಳು ನನ್ನ ಮಾತಿನ ಮೇಲೆ ಎಲ್ಲಿಗೂ ಹೋದವಳಲ್ಲ.

ಕರೆಸಬಹುದಿತ್ತು. ಅದನ್ನು ಎಷ್ಟು ಸಲ ಯೋಚಿಸಿದೆನೋ. ಯೋಚಿಸಿದಾಗಲೆಲ್ಲ ಒಂದೇ ಕಡೆ ಎಡವುತ್ತಿದ್ದೆ. ಅವರು ಚಳಿಯಲ್ಲಿದ್ದಾರೆ ಎಂದು ಕರೆಸಬೇಕೆನಿಸುತ್ತಿದೆಯೋ, ನನಗೆ ಚಳಿ ತಡೆಯಲಾಗುತ್ತಿಲ್ಲ ಎಂದೋ? ಎರಡೂ ಒಂದೇ ಮೈಯಲ್ಲಿ ಕಲೆತುಹೋದ ಮೇಲೆ ಬೇರೆ ಮಾಡುವುದು ಹೇಗೆ? ಬೋರೆ ಬಿಟ್ಟರೆ ಕಾಳಿನ ದಾರಿ ಹೋಗುತ್ತದೆ, ಕೆಳಪೇಟೆಯ ಮಕ್ಕಳು ಉಪವಾಸ ಬೀಳುತ್ತವೆ, ಅದೂ ನಿಜ. ‘ಭಟ್ಟಿ ಗಾದ್ರಪ್ಪ ಚಳಿಗೆ ಹೆದರಿ ಬೋರೆ ಬಿಟ್ಟ’ ಎಂದು ಜನ ಆಡಿಕೊಳ್ಳುತ್ತಾರೆ, ಅದೂ ನಿಜ. ಯಾವ ನಿಜ ನನ್ನನ್ನು ಹಿಡಿದು ಕೂರಿಸಿತ್ತೋ ಇವತ್ತಿಗೂ ಬಿಡಿಸಿ ಹೇಳಲಾರೆ. ತುಟಿ ನೀಲಿಯಾಯಿತು. ಅನ್ನ ಬಾಯಿಗಿಟ್ಟರೆ ದವಡೆ ಅದುರಿ ಚೆಲ್ಲುತ್ತಿತ್ತು. ಕೂಗಾಡಲೂ ಆಗದಷ್ಟು ನಡುಗಿದ ದಿನ ಮಾರಕ್ಕ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಬುತ್ತಿ ತಲೆಯ ಮೇಲಿಟ್ಟುಕೊಂಡು ಹೊರಟಳು.

ಅವಳು ಹೋಗಿ ಸ್ವಲ್ಪ ಹೊತ್ತಾಗಿತ್ತು. ಬಿಸಿಲು ಆಗಷ್ಟೇ ಭಟ್ಟಿಯ ಗೋಡೆ ಹತ್ತುತ್ತಿತ್ತು. ನನ್ನ ಎಡಮೊಣಕಾಲಿನ ಗುಂಡು ಕರಗಿತು.

ಮೊದಲು ನಂಬಲಿಲ್ಲ. ಕೈಯಿಂದ ಮುಟ್ಟಿ ನೋಡಿಕೊಂಡೆ. ಬೆಚ್ಚಗಿತ್ತು, ಹಸುಗೂಸಿನ ಕಾಲಿನ ಹಾಗೆ. ‘ಓಬಣ್ಣ’ ಎಂದೆ, ಯಾರೂ ಇಲ್ಲದಲ್ಲಿ. ದವಡೆ ತಾನಾಗಿ ನಿಂತಿತು. ಚೌಡಣ್ಣ ಹೋದ. ಬೆನ್ನು ಸಡಿಲವಾಯಿತು, ಮೈಲಾರಿ ಹೋದ. ಬಲಗಿವಿ, ಹೆಗಲು, ಕಿರುಬೆರಳು, ಒಬ್ಬೊಬ್ಬರಾಗಿ ಮೈ ಬಿಟ್ಟು ಇಳಿದು ಹೋದರು. ಹಣೆಯ ಮೇಲೆ ಬೆವರು ಒಡೆಯಿತು. ಎಷ್ಟೋ ದಿನಗಳ ಮೇಲೆ ನನ್ನ ಮೈಗೆ ಹಿತವೆನಿಸಿತು. ಆ ಹಿತಕ್ಕೇ ನನಗೆ ಹೇಸಿಗೆಯಾಯಿತು. ಭಟ್ಟಿಯ ಪಕ್ಕದಿಂದ ಎದ್ದೆ.

ಸೀದಾ ಯಜಮಾನರ ಮನೆಗೆ ಹೋದೆ. ಹೆಣವಾದವರನ್ನು ತರಲು ಗಾಡಿ ಬೇಕಿತ್ತು, ಅವರ ಗಾಡಿಯೊಂದೇ ಹಳ್ಳ ದಾಟುವಂಥದ್ದು. ಅಗ್ಗಿಷ್ಟಿಕೆಯ ಮುಂದಿನಿಂದ ಅವರು ತಲೆಯೆತ್ತಿ ನನ್ನ ಬೆವರು ನೋಡಿದರು. ‘ಅಲೆಲೆ, ಗಾದ್ರಪ್ಪ! ಮುಖದಲ್ಲಿ ಕಳೆ ಬಂದಿದೆಯಲ್ಲ’ ಎಂದರು. ನಾನು ಹೇಳಿದೆ. ಅವರು ‘ಛೆ ಛೆ’ ಎಂದು ಸ್ವಲ್ಪ ಹೊತ್ತು ಕೆಂಡ ಕೆದಕಿದರು. ಆಮೇಲೆ, ‘ಬೋರೆ ಖಾಲಿ ಬಿಡೋದು ಸರಿಯಲ್ಲ ಅಂತ ಜನ ಅಂತಾರೆ. ಈಗ ನಿನ್ನ ಮೈಯೂ ಹಗುರವಾಗಿದೆ. ಹೊಸಬರ ಚಳಿ ತಡೆಯೋಕೆ ಜಾಗ ಆಗಿದೆಯಲ್ಲವೇ? ನಿನಗೆ ಹೇಗೆ ಕಾಣುತ್ತೋ ನೋಡು’ ಎಂದರು.

ನನಗೆ ಕಂಡದ್ದು ಅಗ್ಗಿಷ್ಟಿಕೆ. ಅದನ್ನು ಕಾಲಿನಿಂದ ಒದ್ದೆ. ಕೆಂಡವೆಲ್ಲ ಜಮಖಾನದ ಮೇಲೆ ಹರಡಿತು. ಯಜಮಾನರು ಶಾಲು ಎತ್ತಿಕೊಂಡು ಕುಣಿದರು. ‘ಆರಿಸ್ರೋ, ನೀರು ತಗೊಂಬರ್ರೋ!’ ಎಂದು ಕಿರುಚಿದರು. ಆಳುಗಳು ಹೊರಗಿನ ತೊಟ್ಟಿಗೆ ಕೈ ಅದ್ದಿದ ಕೂಡಲೇ ಯಜಮಾನರ ಹಲ್ಲು ಕಡಕಡ ಎಂದಿತು. ಆ ಮಾಗಿಯಲ್ಲಿ ಅವರು ಕೊಟ್ಟ ಅಪ್ಪಣೆ ಅದೊಂದೇ. ಗಾಡಿ ಕೇಳದೆ ಹೊರಟುಬಂದೆ.

ಹಳ್ಳದಲ್ಲಿ ಸೊಂಟದವರೆಗೆ ನೀರು. ಅಂಚಿನಲ್ಲಿ ಗಾಜಿನಂತೆ ಹೆಪ್ಪುಗಟ್ಟಿತ್ತು. ಬಟ್ಟೆ ಎತ್ತಿಕಟ್ಟುವ ವ್ಯವಧಾನವಿಲ್ಲದೆ ಹಾಗೇ ಇಳಿದೆ. ಆಚೆ ದಡ ಹತ್ತಿದಾಗ ಮೇಲ್ಪೇಟೆಯ ದಾರಿಯಿಂದ ಒಬ್ಬ ಹೆಂಗಸು ಓಡಿ ಬರುತ್ತಿದ್ದಳು. ತಲೆ ಕೆದರಿತ್ತು, ಮೈಮೇಲೆ ಹೊದಿಕೆಯಿರಲಿಲ್ಲ, ಕಂಕುಳಲ್ಲಿ ಒಂದು ಸುರುಳಿ ಬಿಳಿ ಬಟ್ಟೆ. ಬೊಮ್ಮವ್ವ. ಅವಳ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಇಬ್ಬರೂ ನಿಂತೆವು. ವೈರಿ ದಳವಾಯಿ ಕೈಗೆಟಕುವಷ್ಟು ದೂರದಲ್ಲಿದ್ದಳು. ನನ್ನ ಸೊಂಟದಲ್ಲಿ ಕುಡುಗೋಲಿತ್ತು. ನೆನಪೂ ಆಗಲಿಲ್ಲ.

‘ನಿಂಗೂ ಬೆಚ್ಚಗಾಯ್ತೇನೋ?’ ಎಂದಳು.

‘ಹೂಂ ಕಣವ್ವ. ಎಲ್ಲಾರೂ.’

‘ನಂಗೂ ಅಷ್ಟೇ. ಒಬ್ಬೊಬ್ರನ್ನೇ ಹೊರಗೆಳೆದೋಳು ನಾನು. ಒಬ್ಬೊಬ್ರಾಗೇ ಹೋದ್ರು.’ ಅವಳು ಬಟ್ಟೆಯ ಸುರುಳಿಯನ್ನು ಎದೆಗೊತ್ತಿಕೊಂಡಳು. ‘ಇಬ್ಬರ ಕಡೇರೂ ಒಂದೇ ಹೊತ್ಗೆ ಅಂದ್ರೆ, ಕೈ ಕೈ ಮಿಲಾಯಿಸಿ ಹೊಡೆದಾಡ್ಕೊಂಡ್ರು ಅನ್ನು.’

‘ನನ್ ಹೆಂಡ್ರೂ ಅಲ್ಲೇ ಅವಳೆ’ ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

ಅವಳು ನನ್ನ ಮುಖ ನೋಡಿದಳು. ‘ನಿನ್ ಮೊದಲನೇ ಕೂಸು ಹುಟ್ಟುವಾಗ್ಲೂ ನೀನು ಬಾಗ್ಲಲ್ಲಿ ಹಿಂಗೇ ನಿಂತಿದ್ದೆ. ನಡಿ ನಡಿ’ ಎಂದಳು. ಇಬ್ಬರೂ ಬೋರೆ ಹತ್ತತೊಡಗಿದೆವು. ಕಡಿದಾದ ಕಡೆ ನಾನು ಕೈ ಕೊಟ್ಟೆ. ಜಾರುವ ಕಡೆ ಅವಳು ನನ್ನ ತೋಳು ಹಿಡಿದಳು.

ನೆತ್ತಿ ಹತ್ತಿರವಾದಾಗ ಹೊಗೆ ಕಂಡಿತು. ಬೊಮ್ಮವ್ವ ಗಕ್ಕನೆ ನಿಂತಳು. ‘ಸುಡ್ತಾ ಅವ್ರೆ’ ಎಂದಳು. ಯಾರು ಯಾರನ್ನು ಸುಡುತ್ತಿದ್ದಾರೆ, ಎಲ್ಲರೂ ಹೋದ ಮೇಲೆ ಸುಡಲು ಉಳಿದವರು ಯಾರು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಗಾಳಿ ಈ ಕಡೆ ತಿರುಗಿತು. ಹೊಗೆಯಲ್ಲಿ ಹಸಿ ಕಡ್ಲೆಗಿಡ ಸುಟ್ಟ ವಾಸನೆ ಇತ್ತು. ಅದರ ಹಿಂದೆಯೇ ಒಂದು ನಗು ಕೇಳಿಸಿತು. ಕಪ್ಪೆ ಕೂಗಿದಂಥ ನಗು. ಆ ನಗುವಿಗೆ ನಾನು ಭಟ್ಟಿಯಲ್ಲಿ ದಿನವೂ ಬಯ್ಯುತ್ತಿದ್ದೆ.

ಬಂಡೆ ಸುತ್ತಿ ಬಂದು ನೋಡಿದರೆ ನಡುವೆ ದೊಡ್ಡ ಬೆಂಕಿ. ಸುತ್ತ ನನ್ನವರು, ಅವಳವರು, ಯಾರು ಯಾರ ಕಡೆಯವರೆಂದು ಗೊತ್ತಾಗದಂತೆ ಒತ್ತೊತ್ತಾಗಿ ಕೂತಿದ್ದರು. ಚೌಡಣ್ಣ ಮೇಲ್ಪೇಟೆಯವನೊಬ್ಬನ ಗಡ್ಡ ಕೆರೆಯುತ್ತಿದ್ದ. ಬಂದೂಕುಗಳನ್ನು ಮೂಲೆಯ ಬಂಡೆಗೆ ಒರಗಿಸಿ, ಅವುಗಳ ಮೇಲೆ ಒದ್ದೆ ಕಂಬಳಿಗಳನ್ನು ಒಣಹಾಕಿದ್ದರು. ಮಾರಕ್ಕ ಸುಟ್ಟ ಕಡ್ಲೆಯನ್ನು ಅಂಗೈಯಲ್ಲಿ ಉಜ್ಜಿ ಊದಿ ಹಂಚುತ್ತಿದ್ದಳು. ಎಲ್ಲರ ಮುಖವೂ ಮಸಿ ಬಡಿದು ಕರ್ರಗಾಗಿತ್ತು.

ಬೊಮ್ಮವ್ವ ಬಿಳಿ ಬಟ್ಟೆಯನ್ನು ಕೆಳಗಿಟ್ಟು ಅದರ ಮೇಲೆಯೇ ಕುಸಿದು ಕೂತಳು. ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ‘ಬೆಂಕಿ ಹಾಕ್ಬೇಡ್ರಿ ಅಂದಿದ್ನಲ್ಲೋ ಬಡ್ಡೆತ್ತವ! ಬೋರೆ ಮ್ಯಾಲೆ ಮದುವೆ ಮಾಡ್ತಿದ್ದೀರೇನ್ರಲಾ? ನೀವೆಲ್ಲ ಸತ್ರಿ ಅಂತ ಅಲ್ಲಿ ನಾನು...’

ಓಬಣ್ಣ ಎದ್ದು ನಿಂತ. ಮೊದಲ ಸಲ ಅವನ ಮುಖದಲ್ಲಿ ನಗುವಿರಲಿಲ್ಲ. ‘ಅಣ್ಣಾ, ಅತ್ಗೆಮ್ಮ ಬಂದು ನಿನ್ ತುಟಿ ನೀಲಿ ಆಗೈತೆ ಅಂದ್ಲು. ಇನ್ನೆರಡು ದಿನ ಕಂಡ್ರೆ ಹೆಚ್ಚು ಅಂದ್ಲು. ನಿನ್ನ ಬೆಚ್ಚಗೆ ಮಾಡ್ಬೇಕು ಅಂದ್ರೆ ನಾವು ಬೆಚ್ಚಗಾಗ್ಬೇಕು, ಬೇರೆ ದಾರಿ ಎಲ್ಲೈತೆ? ನಮ್ಮತ್ರ ಬೆಂಕಿಪಟ್ಣ ಇತ್ತು, ಸೌದೆ ಇರ್ಲಿಲ್ಲ. ಸೌದೆ ಇದ್ದಿದ್ದು ಇವ್ರತ್ರ. ಕೂಗಿ ಕೇಳ್ದೆ. ಇವ್ರ ಬೊಮ್ಮವ್ವನೂ ಅಲ್ಲಿ ಗಂಜಿ ಕುಡಿಯಕಾಗ್ದೆ ಮಲಗವ್ಳಂತೆ.’

‘ಮೊದ್ಲು ಸುಮ್ನಿದ್ವಿ’ ಎಂದ ಅರ್ಧ ಗಡ್ಡದವನು. ‘ಆಮೇಲೆ ಅವ್ವನ್ ನೆನಪಾಯ್ತು.’

ನಾನು ಇನ್ನೂ ನಿಂತೇ ಇದ್ದೆ. ದಳವಾಯಿಯ ಬಾಯಲ್ಲಿ ಆಗ ಬರಬೇಕಾದ ಮಾತು ನನಗೆ ಗೊತ್ತಿತ್ತು. ಬೆಂಕಿ ಆರಿಸಿ, ಬಂದೂಕು ತಗೊಳ್ಳಿ, ನಿಮ್ಮ ನಿಮ್ಮ ಮಗ್ಗುಲಿಗೆ ನಡೆಯಿರಿ. ಹೇಳಿದ್ದರೆ ಅವರು ಹೋಗುತ್ತಿದ್ದರು. ಅಷ್ಟು ದಿನ ಚಳಿಯಲ್ಲಿ ಇದ್ದವರು ಇನ್ನಷ್ಟು ದಿನ ಇರುತ್ತಿದ್ದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬೊಮ್ಮವ್ವನೂ ನನ್ನನ್ನೇ ನೋಡುತ್ತಿದ್ದಳು. ಮಾರಕ್ಕ ಮಾತ್ರ ನೋಡಲಿಲ್ಲ, ಕಡ್ಲೆ ಉಜ್ಜುತ್ತಲೇ ಇದ್ದಳು.

ಆಗ ಓಬಣ್ಣ ನನ್ನ ಕಡೆ ಬೆರಳು ಮಾಡಿ, ಭಟ್ಟಿಯಲ್ಲಿ ನಾನು ಅವನನ್ನು ಗದರುತ್ತಿದ್ದ ದನಿಯಲ್ಲೇ, ‘ಏಯ್, ಕೂತ್ಕೊಳ್ಳೋ ಇಲ್ಲಿ!’ ಎಂದ.

ನಾನು ಕೂತೆ. ಯಾಕೆ ಕೂತೆನೋ, ಕಾಲು ತಾವಾಗಿ ಮಡಿಚಿಕೊಂಡವು. ಅದೇ ಗಳಿಗೆಗೆ ಓಬಣ್ಣ ‘ಅಯ್ಯಯ್ಯಪ್ಪೋ!’ ಎಂದು ಸೊಂಟ ಹಿಡಿದುಕೊಂಡು ಬಗ್ಗಿದ. ಅವನ ಹಲ್ಲು ಕಟಕಟ ಹೊಡೆದುಕೊಂಡವು. ಆಗ ನಾನು ನನ್ನನ್ನು ನೋಡಿಕೊಂಡೆ. ಸೊಂಟದಿಂದ ಕೆಳಗೆ ಬಟ್ಟೆಯೆಲ್ಲ ಒದ್ದೆ, ಅಂಚಿನಲ್ಲಿ ಮಂಜು ಕಟ್ಟಿತ್ತು. ಪಾದಗಳು ಬಿಳಿಚಿದ್ದವು. ಎಷ್ಟೋ ದಿನದಿಂದ ಬೇರೆಯವರ ಚಳಿ ಹೊತ್ತು ಹೊತ್ತು, ನನ್ನದೂ ಒಂದು ಚಳಿ ಇರುತ್ತದೆಂಬುದೇ ನನಗೆ ಮರೆತುಹೋಗಿತ್ತು.

‘ಎಂಥಾ ಚಳಿ ಇಟ್ಕೊಂಡಿದ್ದೀಯಣ್ಣ ಮೈಯಾಗೆ’ ಎಂದು ಓಬಣ್ಣ ನಡುಗುತ್ತಲೇ ನನ್ನ ಪಾದಗಳನ್ನು ತನ್ನ ಮಡಿಲಿಗೆ ಎಳೆದುಕೊಂಡ. ಬೆಂಕಿಗೆ ಅಂಗೈ ಹಿಡಿದು ಕಾಯಿಸಿ, ಕಾಯಿಸಿ, ಗಸಗಸ ಉಜ್ಜತೊಡಗಿದ. ‘ಬ್ಯಾಗ ಬೆಚ್ಚಗಾಗು ಮಾರಾಯ. ನೀನು ಬೆಚ್ಚಗಾಗೋವರ್ಗೂ ನಂಗೆ ಬಿಡುಗಡೆ ಇಲ್ಲ.’

ಮಾರಕ್ಕ ನನ್ನ ಬಾಯಿಗೆ ಒಂದು ಹಿಡಿ ಕಡ್ಲೆ ತುರುಕಿದಳು. ಮಾತಾಡಬೇಕೆಂದಿದ್ದ ಬಾಯಿ ಅಗಿಯತೊಡಗಿತು. ಊರ ಕಾದಾಟ ಮುಗಿದದ್ದು ಅಲ್ಲೇ. ಓಬಣ್ಣನ ಹಲ್ಲು ಮೆಲ್ಲಗೆ ಕಟಕಟ ನಿಲ್ಲಿಸುತ್ತ ಬಂದವು. ಕೊನೆಯದಾಗಿ ಅವನು ಒಮ್ಮೆ ಮೈ ಒದರಿ, ‘ಆಂ, ಈಗ ಬಿಸಿ ಹತ್ತಿತು ನೋಡು’ ಎಂದು ಕಪ್ಪೆ ಕೂಗಿದಂತೆ ನಕ್ಕ. ನನ್ನ ಕಾಲು ಬೆಚ್ಚಗಾಗಿದ್ದು ನನಗೆ ತಿಳಿದದ್ದು ಆಮೇಲೆ.